ಹುಟ್ಟುಗೋಲಿನ ಮೇಲೆ ಕೂತ ದಿನಗಳು

ಮೊನ್ನೆ ಕಂಕನಾಡಿಯ ಡಾಕ್ಟರು ನನ್ನ ಮೊಮ್ಮಗಳಿಗೆ ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟರು. ಹುಡುಗಿ ಕಡ್ಡಿಯ ಹಾಗೆ ಇದ್ದಾಳೆ, ಸ್ವಲ್ಪ ಮೈ ಹಿಡಿಯಬೇಕು ಎಂದರಂತೆ. ಅವಳು ನುಂಗಲಾರೆ ಎಂದು ಹಟ ಹಿಡಿದಳು, ನಾನು ಬಿಡಲಾರೆ ಎಂದೆ, ಆ ಎಳೆದಾಟದಲ್ಲಿ ಒಂದು ಗುಳಿಗೆ ನನ್ನ ಬೆರಳುಗಳ ನಡುವೆ ಪಚಕ್ಕೆಂದು ಒಡೆದುಹೋಯಿತು. ಹುಡುಗಿ ಮೂಗು ಮುಚ್ಚಿಕೊಂಡು "ಛೀ ಅಜ್ಜೀ, ವಾಸನೆ!" ಎಂದು ಹೊರಗೆ ಓಡಿದಳು. ನಾನು ಮಾತ್ರ ಕೈ ತೊಳೆಯಲು ಏಳಲಿಲ್ಲ. ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕುರ್ಚಿಯಲ್ಲೇ ಕೂತೆ. ಬೂತಾಯಿ ಮೀನಿನ ಎಣ್ಣೆ, ಅದರ ಒಟ್ಟಿಗೆ ಆಗಷ್ಟೇ ಕೆತ್ತಿದ ಮರದ ಒಗರು, ಒದ್ದೆ ತೆಂಗಿನ ಹುರಿಯ ಕಮಟು, ನದಿಯ ಕೆಸರು, ಅಪ್ಪನ ಬೆನ್ನಿನ ಬೆವರು. ಗುಳಿಗೆಯಲ್ಲಿ ಇದ್ದದ್ದು ಎಣ್ಣೆ ಒಂದೇ, ಉಳಿದದ್ದನ್ನೆಲ್ಲ ನನ್ನ ಮೂಗೇ ಸೇರಿಸಿಕೊಂಡಿತು. ಈ ಪ್ರಾಯದಲ್ಲಿ ಕಣ್ಣು ಕೈಕೊಟ್ಟಿದೆ, ಮಂಡಿಯೂ ಕೈಕೊಟ್ಟಿದೆ. ಮೂಗು ಮಾತ್ರ ಇನ್ನೂ ಯಾರ ಮಾತೂ ಕೇಳದೆ ತನಗೆ ಬೇಕಾದಲ್ಲಿಗೆ ಹೋಗಿ ಬರುತ್ತದೆ.

ನಮ್ಮ ಮನೆ ಇದ್ದದ್ದು ಬಂದರಿನಲ್ಲಿ, ದೋಣಿಗಳು ತಂಗುವ ದಕ್ಕೆಯಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹತ್ತಿರ. ಈಗ ಹೋಗಿ ಹುಡುಕಬೇಡಿ, ಸಿಕ್ಕುವುದಿಲ್ಲ. ಆ ಜಾಗದಲ್ಲಿ ಮಂಜುಗಡ್ಡೆಯ ಕಾರ್ಖಾನೆ ಎದ್ದಿದೆ. ಎದುರಿಗೆ ಗುರುಪುರ ನದಿ, ನದಿಯಾಚೆ ಬೆಂಗ್ರೆಯ ಮರಳು, ಮರಳಿನಾಚೆ ಸಮುದ್ರ. ಹೆಂಚಿನ ಚಿಕ್ಕ ಮನೆ, ಅದರ ಪಕ್ಕಕ್ಕೆ ಮನೆಗಿಂತ ಉದ್ದದ ಒಂದು ಕೆಲಸದ ಕೊಟ್ಟಿಗೆ. ನನ್ನ ಅಪ್ಪ ಆಚಾರಿ. ಮನೆ ಕಟ್ಟುವ ಆಚಾರಿ ಅಲ್ಲ, ದೇವರ ಮಂಟಪ ಕೆತ್ತುವವರೂ ಅಲ್ಲ. ದೋಣಿಯ ಹುಟ್ಟುಗೋಲು, ಹುಟ್ಟನ್ನು ಹಗ್ಗದ ಬಳೆ ಹಾಕಿ ನಿಲ್ಲಿಸುವ ಗೂಟ, ಹಾಯಿಹಗ್ಗ ಎಳೆಯುವ ರಾಟೆ, ಹುಟ್ಟು ಹಾಕುವವರು ಕೂರುವ ಅಡ್ಡಹಲಗೆ, ಇಷ್ಟೇ ಅವರ ಲೋಕ. ದೋಣಿ ಕಟ್ಟುವವರು ಬೇರೆಯೇ ಇದ್ದರು. "ಹೊಟ್ಟೆ ಬೆನ್ನು ಅವರು ಮಾಡಲಿ, ಕೈಕಾಲು ಕೊಡುವುದು ನಾನು" ಎಂದು ಅಪ್ಪ ಜಂಬದಿಂದ ಹೇಳುತ್ತಿದ್ದರು. ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ಬೆಂಗ್ರೆಯಿಂದ ಉಳ್ಳಾಲದ ತನಕ ಮೀನಿಗೆ ಹೋಗುವವರಲ್ಲಿ ಅಪ್ಪನ ಹುಟ್ಟು ಹಿಡಿಯದ ಕೈ ಕಡಿಮೆ. ದಕ್ಕೆಯ ಮೇಲೆ ಅಪ್ಪ ನಡೆದು ಹೋದರೆ ಬಲೆ ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಿ "ಆಚಾರ್ರೇ" ಎಂದು ಮಾತಾಡಿಸುತ್ತಿದ್ದರು. ನಾನು ಅವರ ಬೆರಳು ಹಿಡಿದುಕೊಂಡು ಪಕ್ಕದಲ್ಲಿ ಮೆರೆಯುತ್ತಿದ್ದೆ.

ಘಟ್ಟದ ಬುಡದಿಂದ ನದಿಯಲ್ಲಿ ತೇಲಿ ಬಂದ ಸುರಹೊನ್ನೆಯ ಮರವನ್ನು ಅಪ್ಪ ಕೆಸರಿನಲ್ಲಿ ಹೂತಿಟ್ಟು, ಆಮೇಲೆ ಕೊಟ್ಟಿಗೆಯ ನೆರಳಿನಲ್ಲಿ ಒಣಗಿಸುತ್ತಿದ್ದರು. ಬಿಸಿಲಿಗೆ ಹಾಕಿದರೆ ಮರಕ್ಕೆ ಸಿಟ್ಟು ಬರುತ್ತದೆ ಎನ್ನುವುದು ಅವರ ಲೆಕ್ಕ. ಬಾಚಿ ಹಿಡಿದು ಒರಟು ಕೆತ್ತಿದ ಮೇಲೆ ಕೀಸುಳಿ, ಕೀಸುಳಿಯ ನಂತರ ತಾಟೆ ಮೀನಿನ, ಎಂದರೆ ಶಾರ್ಕಿನ, ಒಣಗಿದ ಒರಟು ಚರ್ಮ. ಆ ಚರ್ಮದಿಂದ ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಉಜ್ಜಿ ಉಜ್ಜಿ ಕೋಲು ಮಗುವಿನ ತೋಳಿನ ಹಾಗೆ ನುಣ್ಣಗಾಗುತ್ತಿತ್ತು. ಕಡೆಗೆ ಬೂತಾಯಿ ಎಣ್ಣೆಯನ್ನು ಬಿಸಿ ಮಾಡಿ ಹಚ್ಚುವುದು. ಆ ದಿನ ಅಮ್ಮನ ಬಾಯಿ ನಿಲ್ಲುತ್ತಿರಲಿಲ್ಲ. "ನಿಮ್ಮ ಎಣ್ಣೆಯ ನಾತಕ್ಕೆ ನನ್ನ ಸಾರಿನ ಒಗ್ಗರಣೆ ಸತ್ತುಹೋಯ್ತು ಮಾರಾಯ್ರೇ" ಎನ್ನುತ್ತಿದ್ದಳು. ನಮ್ಮಲ್ಲಿ ಮನೆಯ ಮಾತೆಲ್ಲ ತುಳು. ಕನ್ನಡದಲ್ಲಿ ಬರೆದಾಗ ಅಮ್ಮನ ಬೈಗುಳದ ಖಾರ ಅರ್ಧಕ್ಕರ್ಧ ಇಳಿದುಹೋಗುತ್ತದೆ, ಏನು ಮಾಡುವುದು. ಒಲೆಯ ಎದುರು ಬೆಂಕಿ ಊದುತ್ತ ಗೊಣಗುವ ಅಮ್ಮ, ಕೊಟ್ಟಿಗೆಯಿಂದಲೇ ಅದಕ್ಕೆ ಸರಿಯಾಗಿ ತಮಾಷೆಯ ಉತ್ತರ ಕೊಡುವ ಅಪ್ಪ, ಇಬ್ಬರ ನಡುವೆ ಮರದ ಸುರುಳಿಗಳನ್ನು ಕಿವಿಗೆ ಓಲೆ ಮಾಡಿಕೊಂಡು ಓಡಾಡುವ ನಾನು. ಆ ಮನೆಯಲ್ಲಿ ಮಾತಿಗೆ ಬರ ಅಂತ ಇರಲಿಲ್ಲ.

ಹುಟ್ಟು ಮಾಡುವುದು ಒಂದು, ಅದನ್ನು ಪರೀಕ್ಷೆ ಮಾಡುವುದು ಇನ್ನೊಂದು. ನಮ್ಮ ಮನೆಯ ಪದ್ಧತಿ ಬೇರೆಲ್ಲೂ ಇದ್ದದ್ದನ್ನು ನಾನು ಕೇಳಿಲ್ಲ. ಎಣ್ಣೆ ಹಚ್ಚುವ ಮೊದಲು ಹುಟ್ಟಿನ ಎರಡು ತುದಿಗಳನ್ನು ಎರಡು ಮರದ ದಿಮ್ಮಿಗಳ ಮೇಲೆ ಇಟ್ಟು, ನಡುವಿನಲ್ಲಿ ಮನೆಯ ಹೆಣ್ಣುಮಗುವನ್ನು ಕೂರಿಸುವುದು. ಅಪ್ಪನ ಕಾಲಕ್ಕೆ ನಾನು, ಅಜ್ಜನ ಕಾಲಕ್ಕೆ ನನ್ನ ಸೋದರತ್ತೆ. ನನ್ನ ಭಾರಕ್ಕೆ ಹುಟ್ಟು ನಡುವಿನಲ್ಲಿ ಬಾಗುತ್ತಿತ್ತು. ಅಪ್ಪ ನೆಲಕ್ಕೆ ಮೊಣಕಾಲೂರಿ, ಕಿವಿಯನ್ನು ಮರಕ್ಕೆ ತಾಗಿಸಿ, "ಈಗ ಅಲುಗಾಡು" ಎನ್ನುತ್ತಿದ್ದರು. ನಾನು ಉಯ್ಯಾಲೆಯ ಹಾಗೆ ಮೇಲೆ ಕೆಳಗೆ ಜೀಕುತ್ತಿದ್ದೆ. ಒಳಗೆಲ್ಲಾದರೂ ಮರದ ಎಳೆ ಓರೆಯಾಗಿದ್ದರೆ, ಹೊರಗಿನ ಕಣ್ಣಿಗೆ ಕಾಣದ ಸೀಳು ಇದ್ದರೆ, ಆ ಭಾರಕ್ಕೆ ಅದು ಚುರುಕ್ ಎಂದು ಸಣ್ಣಗೆ ಮಾತಾಡುತ್ತಿತ್ತು. ಅಂಥ ಹುಟ್ಟು ಆ ದಿನವೇ ಅಮ್ಮನ ಒಲೆಗೆ. ಮಾತಾಡದಿದ್ದರೆ ಅಪ್ಪ ಎದ್ದು ನನ್ನನ್ನು ಕೆಳಗಿಳಿಸಿ ಬೆನ್ನು ತಟ್ಟುತ್ತಿದ್ದರು. "ನನ್ನ ಬದಲು ಕಲ್ಲು ಇಡಬಹುದಲ್ಲ?" ಎಂದು ನಾನೊಮ್ಮೆ ಕೇಳಿದ್ದೆ. "ಕಲ್ಲು ಅಲುಗಾಡ್ತದಾ? ಸಮುದ್ರ ಕಲ್ಲಿನ ಹಾಗೆ ಸುಮ್ಮನೆ ಕೂರ್ತದಾ? ನೀನು ಮಂಗನ ಹಾಗೆ ಕುಣೀತಿ, ಅದಕ್ಕೆ ನೀನೇ ಸರಿ" ಎಂದರು. ಮನೆಯ ಹೆಣ್ಣು ಕೂತ ಹುಟ್ಟು ನೀರಿನಲ್ಲಿ ಕೈಬಿಡುವುದಿಲ್ಲ ಎಂಬ ನಂಬಿಕೆಯೂ ಅದರೊಳಗೆ ಇತ್ತು. ದಕ್ಕೆಯಲ್ಲಿ ಜನ ನನ್ನನ್ನು ಕಂಡರೆ ಮುಖ ಅರಳಿಸುತ್ತಿದ್ದದ್ದು ಅದಕ್ಕೇ.

ಹಾಗೆ ಮುಖ ಅರಳಿಸುವವರಲ್ಲಿ ಮೊದಲಿನವರು ಸೇಸಪ್ಪಣ್ಣ. ಬೆಂಗ್ರೆಯವರು. ದೋಣಿಯ ತಂಡೇಲ, ಎಂದರೆ ಹಿಂಬದಿಯಲ್ಲಿ ನಿಂತು ಎಲ್ಲಕ್ಕಿಂತ ಉದ್ದದ ಹುಟ್ಟಿನಿಂದ ದೋಣಿಗೆ ದಾರಿ ಹಿಡಿಸುವ ಯಜಮಾನ. ಕರ್ರಗೆ ಎಣ್ಣೆ ಹಚ್ಚಿದ ಕಂಬದಂಥ ಆಳು, ನಕ್ಕರೆ ನಮ್ಮ ಹೆಂಚು ಅಲುಗಾಡಬೇಕು. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿ ಗಿರಿಜಕ್ಕ ಮೀನಿನ ಬುಟ್ಟಿ ಹೊತ್ತು ದೋಣಿಯಲ್ಲಿ ಹೊಳೆ ದಾಟಿ ಬಂದರೆ ಮೊದಲು ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿ, ಅಮ್ಮನ ಹತ್ತಿರ ಎಲೆಯಡಿಕೆ ಹಾಕಿಕೊಂಡು, ಆಮೇಲೆಯೇ ಮಾರಲು ಹೊರಡುತ್ತಿದ್ದಳು. ಸೇಸಪ್ಪಣ್ಣ ಹುಟ್ಟು ಕೊಂಡುಹೋಗಲು ಬಂದಾಗ ಅಪ್ಪನನ್ನು ಒಂದು ಮಾತೂ ಕೇಳುತ್ತಿರಲಿಲ್ಲ, ನನ್ನನ್ನೇ ಕೇಳುತ್ತಿದ್ದರು. "ಏನು ಮಾರಾಯ್ತಿ, ಇದರ ಮೇಲೆ ನೀನು ಕೂತಿದ್ದಿಯಾ?" ನಾನು ದೊಡ್ಡಸ್ತಿಕೆಯಿಂದ ತಲೆಯಾಡಿಸಬೇಕು. "ಹಾಗಾದ್ರೆ ನನಗೆ ಸಮುದ್ರದ ಅಪ್ಪನ ಹೆದರಿಕೆಯೂ ಇಲ್ಲ" ಎಂದು ಹುಟ್ಟನ್ನು ಹೆಗಲಿಗೇರಿಸುತ್ತಿದ್ದರು.

ನನಗೆ ಏಳೋ ಎಂಟೋ ವರ್ಷ ಇದ್ದಿರಬೇಕು, ಆ ಆಟಿ ತಿಂಗಳ ಮಳೆಯಲ್ಲಿ ಚಳಿಜ್ವರ ಹಿಡಿಯಿತು. ಬಂದರಿನಲ್ಲಿ ಆ ಸಲ ಮನೆಗೊಬ್ಬರು ಹಾಸಿಗೆ ಹಿಡಿದಿದ್ದರು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದದ್ದು, ಕಹಿ ಮದ್ದು ಕುಡಿದು ಕಿವಿಯೊಳಗೆ ಜೀರುಂಡೆ ಕೂಗುತ್ತಿದ್ದದ್ದು ನೆನಪಿದೆ. ಅಮ್ಮ ಗಂಜಿ ತೆಳಿ ಬಾಯಿಗಿಟ್ಟರೆ ಅದೂ ಹೊರಗೆ. ನಾನು ಉಳಿಯುವುದಿಲ್ಲ ಎಂದು ನೆರೆಯವರೆಲ್ಲ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದರಂತೆ. ಅಪ್ಪ ಕೊಟ್ಟಿಗೆಗೆ ಹೋಗುವುದು, ಎರಡು ಏಟು ಬಾಚಿ ಹಾಕುವುದು, ಒಳಗೆ ಬಂದು ನನ್ನ ಹಣೆ ಮುಟ್ಟುವುದು, ಮತ್ತೆ ಹೋಗುವುದು. ಆ ಮಳೆಗಾಲದಲ್ಲಿ ಅವರು ಮಾಡುತ್ತಿದ್ದದ್ದು ಸೇಸಪ್ಪಣ್ಣನ ಹಿಂಬದಿಯ ದೊಡ್ಡ ಹುಟ್ಟು. ಮಳೆ ಕಡಿಮೆಯಾಗಿ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲೆರೆದು, ದೋಣಿಗಳು ಒಂದೊಂದಾಗಿ ನೀರಿಗಿಳಿದವು. ಸೇಸಪ್ಪಣ್ಣನ ಹುಟ್ಟು ಮಾತ್ರ ಕೊಟ್ಟಿಗೆಯಲ್ಲೇ ಇತ್ತು. "ತೆಗೆದುಕೊಂಡು ಹೋಗಿ ಸೇಸಪ್ಪ, ಸೀಸನ್ನು ಹೋಗ್ತದೆ" ಎಂದು ಅಪ್ಪನೇ ಹೇಳಿದರೂ ಅವರು ಕೇಳಲಿಲ್ಲ. "ಹುಡುಗಿ ಎದ್ದು ಕೂರಲಿ ಆಚಾರ್ರೇ, ಅಲ್ಲಿ ತನಕ ಹಳೇ ಹುಟ್ಟಿನಲ್ಲಿ ಹೊಳೆಯೊಳಗೇ ಬಲೆ ಹಾಕ್ತೇನೆ" ಎಂದರಂತೆ.

ಜ್ವರ ಬಿಟ್ಟು ನಾನು ಜಗಲಿಗೆ ಬಂದು ಕೂರುವ ಹಾಗಾದಾಗ ಸೇಸಪ್ಪಣ್ಣ ಬಣ್ಣದ ಮಿಠಾಯಿಯ ಪೊಟ್ಟಣ ಹಿಡಿದುಕೊಂಡು ಬಂದರು. ಬೆಳಗ್ಗಿನ ಎಳೆ ಬಿಸಿಲು, ನದಿಯ ಮೇಲೆ ಇನ್ನೂ ಮಂಜು. ಅಪ್ಪ ಹುಟ್ಟನ್ನು ದಿಮ್ಮಿಗಳ ಮೇಲೆ ಇಟ್ಟರು. ಬಂದು ನನ್ನ ಕಂಕುಳಿಗೆ ಕೈಹಾಕಿ ಎತ್ತಿ ನಡುವಿನಲ್ಲಿ ಕೂರಿಸಿದರು. ಮೊಣಕಾಲೂರಿ ಕಿವಿ ಹಚ್ಚಿದರು. ನಾನು ಮಿಠಾಯಿ ಚೀಪುತ್ತ ಜೀಕಿದೆ. ಹುಟ್ಟು ಮಾತಾಡಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಹಾಗೇ ಇದ್ದರು, ಆಮೇಲೆ ಎದ್ದು ನನ್ನನ್ನು ಇಳಿಸಿ, ಬೆನ್ನು ತಟ್ಟುವ ಬದಲು ಎತ್ತಿಕೊಂಡೇ ಒಳಗೆ ಕರೆದುಕೊಂಡು ಹೋಗಿ ಅಮ್ಮನ ಮಡಿಲಿನಲ್ಲಿ ಹಾಕಿದರು. "ಇವಳಿಗೆ ಏನಾದರೂ ತಿನ್ನಲಿಕ್ಕೆ ಕೊಡು" ಎಂದರು. ಹೊರಗೆ ಸೇಸಪ್ಪಣ್ಣ ನಗುತ್ತಿದ್ದರು. ಹುಟ್ಟಿಗೆ ಎಣ್ಣೆ ಕುಡಿಸಿ ಆರಿಸಿದ ಮೇಲೆ ಅದನ್ನು ಹೊತ್ತುಕೊಂಡು ದಕ್ಕೆಯ ಕಡೆ ಇಳಿದು ಹೋದ ಅವರ ಬೆನ್ನು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡು ನದಿಗಳು ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಬಾಗಿಲು ಮಳೆಗಾಲ ಮುಗಿದ ಹೊಸತರಲ್ಲಿ ತುಂಬ ಕೆಟ್ಟದ್ದು. ಒಳಗಿನ ನೀರು ಹೊರಗೆ ತಳ್ಳುತ್ತದೆ, ಹೊರಗಿನ ಅಲೆ ಒಳಗೆ ತಳ್ಳುತ್ತದೆ. ಅಲ್ಲಿ ದೋಣಿಯ ಮೂತಿ ಅಲೆಗೆ ನೇರ ಇರಬೇಕು, ಚೂರು ಅಡ್ಡ ತಿರುಗಿದರೂ ಮುಗಿಯಿತು. ನೇರ ಇಡುವುದು ತಂಡೇಲನ ಕೈಯ ಹುಟ್ಟು. ಸೇಸಪ್ಪಣ್ಣ ಆ ಹೊಸ ಹುಟ್ಟು ಹಿಡಿದು ಸಮುದ್ರಕ್ಕೆ ಹೊರಟ ದಿನ ಅಳಿವೆಯ ನಡುವಿನಲ್ಲಿ ಅದು ಮುರಿಯಿತು. ದೋಣಿ ಅಡ್ಡ ಬಿದ್ದು ಮಗುಚಿತು. ಉಳಿದವರೆಲ್ಲ ಈಜಿ ಬೆಂಗ್ರೆಯ ಮರಳಿಗೆ ಬಂದು ಬಿದ್ದರು. ಸೇಸಪ್ಪಣ್ಣ ಬರಲಿಲ್ಲ. ಮಗುಚುವಾಗ ದೋಣಿಯ ಅಂಚು ತಲೆಗೆ ಬಡಿದಿರಬೇಕು ಎಂದರು. ಮಾರನೆಯ ದಿನ ಸಮುದ್ರ ಅವರನ್ನು ಉಳ್ಳಾಲದ ಕಡೆ ತಂದು ಹಾಕಿತು. ಅಂಥ ಈಜುಗಾರ, ದೇವರೇ, ನೀರಿನಲ್ಲೇ ಹುಟ್ಟಿ ಬೆಳೆದಂಥ ಮನುಷ್ಯ.

ಮುರಿದ ಹುಟ್ಟಿನ ಹಿಡಿಯ ತುಂಡನ್ನು ಮಾಡಿದವನ ಅಂಗಳಕ್ಕೆ ತಂದು ಇಡುವುದು ಆಗಿನ ಪದ್ಧತಿ. ಬೈಯುವುದಿಲ್ಲ, ಕೇಳುವುದಿಲ್ಲ, ಇಟ್ಟು ಹೋಗುತ್ತಾರೆ. ಬೆಂಗ್ರೆಯ ಗಂಡಸರು ಬಂದು ಇಟ್ಟು ಹೋದರು. ನಮ್ಮ ಅಂಗಳಕ್ಕೆ ಹಾಗೆ ಬಂದ ಮೊದಲ ತುಂಡು ಅದು. ಅಪ್ಪ ಅದರ ಎದುರು ಕುಕ್ಕರುಗಾಲಿನಲ್ಲಿ ಕೂತರು. ಮುರಿದ ಜಾಗ ಅಡ್ಡಕ್ಕೆ ಮುರಿದಿರಲಿಲ್ಲ, ಉದ್ದಕ್ಕೆ ಓರೆಯಾಗಿ ಸಿಗಿದು, ಈಟಿಯ ಮೊನೆಯ ಹಾಗೆ ಆಗಿತ್ತು. ಒಳಗೆ ಎಳೆ ಓರೆ ಹೋಗಿದ್ದ ಮರ. ಪರೀಕ್ಷೆಗಿಟ್ಟ ದಿನ ಮಾತಾಡಲೇಬೇಕಾಗಿದ್ದ ಮರ. ಅಪ್ಪ ಆ ಸಿಗುರಿನ ಮೇಲೆ ಹೆಬ್ಬೆರಳು ಓಡಿಸಿದರು, ರಕ್ತ ಬಂದರೂ ಓಡಿಸುತ್ತಲೇ ಇದ್ದರು. ನೆರೆಯವರು ಸುತ್ತ ನಿಂತಿದ್ದರು. ಕಡೆಗೆ ಅಪ್ಪ ಎದ್ದು ಎಲ್ಲರಿಗೂ ಕೇಳುವ ಹಾಗೆ, "ನನ್ನ ಕಿವಿ ಹೋಯ್ತು. ಮರ ಹೇಳಿದ್ದು ನನಗೆ ಕೇಳಲಿಲ್ಲ. ಇನ್ನು ನಾನು ಹುಟ್ಟು ಮಾಡುವುದಿಲ್ಲ" ಎಂದರು. ಅಷ್ಟೇ. ಆ ದಿನವೇ ದಿಮ್ಮಿಗಳನ್ನು ಕೊಟ್ಟಿಗೆಯಿಂದ ಹೊರಗೆಳೆದು ಕಡಿದು ಸೌದೆ ಮಾಡಿದರು.

ಅಪ್ಪನ ಮಾತು ಸಿಟ್ಟಿನದ್ದು, ದುಃಖದ್ದು, ನಾಲ್ಕು ದಿನ ಬಿಟ್ಟರೆ ಇಳಿಯುತ್ತದೆ ಎಂದು ಎಲ್ಲರೂ ತಿಳಿದರು. ಇಳಿಯಲಿಲ್ಲ. ಹುಟ್ಟು ಬೇಕೆಂದು ಬಂದವರಿಗೆಲ್ಲ ಒಂದೇ ಉತ್ತರ, ಕಿವಿ ಹೋಯ್ತು. ಸೇಸಪ್ಪಣ್ಣನ ವರ್ಷಾಂತಿಕ ಕಳೆದು ಗಿರಿಜಕ್ಕನೇ ಬಂದಳು. ಹಣೆ ಬೋಳು, ಕೈ ಬೋಳು. ಬುಟ್ಟಿ ಇಳಿಸಲಿಲ್ಲ, ಅಂಗಳದಲ್ಲೇ ನಿಂತು ಹೇಳಿದಳು: "ಆಚಾರ್ರೇ, ಆ ದೋಣಿ ಈಗ ನನ್ನ ತಮ್ಮ ತೆಗೆದುಕೊಂಡು ಹೋಗ್ತಾನೆ. ಅವನಿಗೆ ಹಿಂದಿನ ಹುಟ್ಟು ನೀವೇ ಮಾಡಿ ಕೊಡ್ಬೇಕು. ನನಗೆ ನಿಮ್ಮ ಮೇಲೆ ಎಂತ ಸಿಟ್ಟೂ ಇಲ್ಲ. ಸಮುದ್ರ ಕೊಂಡುಹೋಯ್ತು, ನೀವು ಕೊಂಡುಹೋದದ್ದಲ್ಲ." ಅಪ್ಪ ತಲೆ ಎತ್ತಲಿಲ್ಲ. "ನನ್ನಿಂದ ಆಗುವುದಿಲ್ಲ ಗಿರಿಜಾ. ಕಿವಿ ಸರಿ ಇಲ್ಲದವ ಮಾಡಿದ ಹುಟ್ಟು ಇನ್ನೊಬ್ಬನನ್ನೂ ಕೊಲ್ಲಬಹುದು." ಅಮ್ಮ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಏನೋ ಹೇಳಲು ಅವಳ ಬಾಯಿ ತೆರೆದದ್ದನ್ನು ನಾನು ನೋಡಿದೆ. ನನ್ನ ಕಡೆ ತಿರುಗಿದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಗಿರಿಜಕ್ಕ ಹೋಗುವಾಗ ಅಳುತ್ತಿದ್ದಳು. ಗಂಡ ಹೋದದ್ದಕ್ಕಿಂತ ಈ ಮನೆ ತನ್ನನ್ನು ದೂರ ಮಾಡಿತಲ್ಲ ಎಂಬ ಅಳು ಅದು, ನನಗೆ ಹಾಗೇ ಕಂಡಿತು.

ಆಮೇಲೆ ಅಪ್ಪ ಜೆಪ್ಪುವಿನ ಕಡೆ ಬೆಂಚು ಕುರ್ಚಿ ಮಾಡುವ ಒಂದು ಶೆಡ್ಡಿಗೆ ಕೂಲಿಗೆ ಹೋದರು. ಮನೆಯಲ್ಲಿ ಕೂತರೆ ಲಟ್ಟಣಿಗೆ, ಮಣೆ, ತೆಂಗಿನಕಾಯಿ ತುರಿಯುವ ಮಣೆಯ ಕಾಲು. ಅಳಿವೆಯ ಅಲೆ ತಡೆಯುವ ಹುಟ್ಟು ಮಾಡಿದ ಕೈ ಲಟ್ಟಣಿಗೆ ಉಜ್ಜುತ್ತಿತ್ತು. ದಕ್ಕೆಯ ಕಡೆ ಹೋಗುವುದನ್ನೇ ಬಿಟ್ಟರು. "ಯಾವಾಗ ನನ್ನನ್ನು ಮತ್ತೆ ಕೂರಿಸ್ತೀರಿ?" ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅಮ್ಮ ಎಲ್ಲಿದ್ದಳೋ ಓಡಿ ಬಂದು ಬೆನ್ನಿಗೆ ಎರಡು ಬಾರಿಸಿದಳು. ಜೀವಮಾನದಲ್ಲಿ ಅವಳು ನನಗೆ ಹೊಡೆದದ್ದು ಅದೊಂದೇ ಸಲ. ಅಪ್ಪನ ಕಿವಿಗೆ ಏನೂ ಆಗಿಲ್ಲವೆಂದು ನನಗೆ ಗೊತ್ತಿತ್ತು. ಹಿತ್ತಿಲಲ್ಲಿ ತೆಂಗಿನ ಗರಿ ಬಿದ್ದರೆ ಕೇಳುತ್ತಿತ್ತು, ನಾನು ಡಬ್ಬಿಯಿಂದ ಬೆಲ್ಲ ಕದ್ದರೆ ಕೇಳುತ್ತಿತ್ತು. ಮನೆಯಲ್ಲಿ ಜಗಳ ಇರಲಿಲ್ಲ, ಅದೇ ದೊಡ್ಡ ಸಂಕಟ. ಅಮ್ಮ ಒಲೆಯ ಎದುರು ಗೊಣಗುವುದನ್ನು ನಿಲ್ಲಿಸಿದಳು. ಅಪ್ಪ ಉತ್ತರ ಕೊಡುವುದನ್ನು ನಿಲ್ಲಿಸಿದರು. ಊಟ ಆಯ್ತಾ, ಆಯ್ತು. ಮಳೆ ಬರ್ತದಾ, ಬರ್ತದೆ. ಒಬ್ಬರು ಕೋಣೆಗೆ ಬಂದರೆ ಇನ್ನೊಬ್ಬರಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು. ಕೊಟ್ಟಿಗೆಯ ಹೆಂಚು ಜಾರಿದರೂ ಯಾರೂ ಸರಿ ಮಾಡಲಿಲ್ಲ. ನಾನು ಆ ಮನೆಯಲ್ಲಿ ಹಾಗೆ ಬೆಳೆದು ದೊಡ್ಡವಳಾಗಿ ಮದುವೆಯಾಗಿ ತೊಕ್ಕೊಟ್ಟಿಗೆ ಹೋದೆ.

ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಯುದ್ಧದ ಕಾಲ, ಅಕ್ಕಿಗೆ ಸಾಲು ನಿಲ್ಲಬೇಕು. ಒಂದು ಬೆಳಗ್ಗೆ ಅಮ್ಮ ನನ್ನ ಮಗಳಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದಳು. ಕೂಸಿನ ಸೊಂಟಕ್ಕೆ ಉಡಿದಾರ ಕಟ್ಟಿ ಬೆರಳು ತೂರಿಸಿ ಬಿಗಿ ನೋಡುತ್ತ ಇದ್ದಕ್ಕಿದ್ದಂತೆ ಅಳತೊಡಗಿದಳು. ಏನಾಯ್ತು ಎಂದು ಕೇಳಿದೆ. ಆಗ ಹೇಳಿದಳು. ಸೇಸಪ್ಪಣ್ಣನ ಹೆಣ ಸುಟ್ಟು ಬಂದ ದಿನ ನನ್ನನ್ನು ಮೀಯಿಸಲು ನಿಲ್ಲಿಸಿದಾಗ ನನ್ನ ಬೆಳ್ಳಿಯ ಉಡಿದಾರ ಸೊಂಟದಲ್ಲಿ ನಿಲ್ಲದೆ ಜಾರಿ ಕಾಲ ಬುಡಕ್ಕೆ ಬಿತ್ತಂತೆ. ಜ್ವರದ ಮೊದಲು ಅದು ಹೊಟ್ಟೆಗೆ ಕಚ್ಚುತ್ತಿತ್ತು. ಅಮ್ಮ ಅದನ್ನು ಹೆಕ್ಕಿ ಕೈಯಲ್ಲಿ ಹಿಡಿದಳಂತೆ. "ಆಗ ನನಗೆ ಬೆಳಕಾಯ್ತು. ನಿನ್ನಪ್ಪನ ಕಿವಿಗೆ ಎಂತ ಆಗಿರ್ಲಿಲ್ಲ. ನೀನು ಅರ್ಧಕ್ಕರ್ಧ ಇಳಿದಿದ್ದೆ. ಆ ಮರ ಮಾತಾಡಬೇಕಾದ್ರೆ ಬೇಕಾದ ಭಾರ ನಿನ್ನಲ್ಲಿ ಇರ್ಲಿಲ್ಲ." ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಹಾಗಾದ್ರೆ ಹೇಳಲಿಕ್ಕೆ ಎಂತ ಧಾಡಿ ನಿನಗೆ? ಒಂದು ಮಾತು ಹೇಳಿದ್ರೆ ಅಪ್ಪ ಮತ್ತೆ ಬಾಚಿ ಹಿಡೀತಿದ್ರು!" ಎಂದು ಕೂಗಾಡಿದೆ. ಅಮ್ಮ ಬಾಗಿಲ ಕಡೆ ನೋಡಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. "ಹೇಳಿದ್ರೆ ಊರು ನಿನ್ನನ್ನು ಎಂತ ಕರೀತಿತ್ತು ಗೊತ್ತುಂಟಾ? ಸೇಸಪ್ಪನನ್ನು ತಿಂದ ಹೆಣ್ಣು ಅಂತ. ಊರು ಹಾಳಾಗಿ ಹೋಗಲಿ, ನೀನೇ ನಿನ್ನನ್ನು ಎಂತ ಅಂದ್ಕೊಳ್ತಿದ್ದೆ? ಅವರಿಗೆ ಹೇಳಿದ್ರೆ, ನಾನು ಹೆತ್ತ ಮಗುವನ್ನು ಅವರು ಪ್ರತಿ ದಿನ ಹೇಗೆ ನೋಡ್ತಿದ್ರು? ನನಗೆ ನಿನ್ನಪ್ಪನ ಹುಟ್ಟಿಗಿಂತ ನೀನು ಹೆಚ್ಚು. ಈಗ ಹೇಳಿಯಾಯ್ತು, ಬೇಕಾದ್ರೆ ಬೈಯಿ."

ಬೈಯಲಿಲ್ಲ. ಸುಮ್ಮನಿರಲೂ ಆಗಲಿಲ್ಲ, ನನ್ನ ಜಾತಕದಲ್ಲೇ ಅದು ಬರೆದಿಲ್ಲ. ಆ ಸಂಜೆ ಅಪ್ಪ ಜಗಲಿಯಲ್ಲಿ ಕೂತು ನನ್ನ ಮಗಳ ತೊಟ್ಟಿಲಿಗೆ ಹಿಡಿ ಉಜ್ಜುತ್ತಿದ್ದರು. ಅಮ್ಮ ಒಳಗೆ ಗಂಜಿಗಿಟ್ಟಿದ್ದಳು. ನಾನು ಕೂಸನ್ನು ಎತ್ತಿಕೊಂಡು ಅವರ ಎದುರು ಕೂತು ಸುತ್ತಿ ಬಳಸದೆ ಹೇಳಿದೆ. "ಅಪ್ಪಾ, ನಿಮ್ಮ ಕಿವಿ ಸರಿಯಾಗಿಯೇ ಇತ್ತು. ಆ ದಿನ ನಾನು ಹಗುರ ಇದ್ದೆ." ಅಪ್ಪ ಉಜ್ಜುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. "ನಿನ್ನನ್ನು ಎತ್ತಿ ಕೂರಿಸಿದ್ದು ನಾನಲ್ವಾ ಮಗಾ?" ಎಂದರು. "ಎತ್ತಿದ ಕೈಗೆ ಗೊತ್ತಾಗದೆ ಇರ್ತದಾ? ಹಕ್ಕಿಯನ್ನು ಎತ್ತಿದ ಹಾಗೆ ಆಯ್ತು. ಅಯ್ಯೋ ದೇವರೇ, ಮಗು ಇ‌ಷ್ಟು ಇಳಿದುಹೋಯ್ತಲ್ಲಾ, ಇವಳು ನಮಗೆ ಉಳೀತಾಳಾ ಅಂತ ಅದೊಂದೇ ಮನಸ್ಸಿಗೆ ಬಂದದ್ದು. ಕಿವಿ ಹಚ್ಚಿ ಕೂತಾಗಲೂ ಅದೇ. ಆಚಾರಿ ಆಗಿದ್ರೆ ಒಂದು ಕಲ್ಲು ತೆಗೆದು ನಿನ್ನ ಮಡಿಲಿಗೆ ಇಡ್ತಿದ್ದೆ. ಆ ಹೊತ್ತಿಗೆ ನಾನು ಆಚಾರಿ ಆಗಿರ್ಲಿಲ್ಲ."

ಹಾಗಿದ್ದರೆ ಕಿವಿಯ ಸುಳ್ಳು ಯಾಕೆ ಎಂದು ಕೇಳಿದೆ, ಹುಟ್ಟು ಮಾಡುವುದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. "ಮತ್ತೆ ಮಾಡಿದ್ರೆ ನಿನ್ನನ್ನು ಮತ್ತೆ ಕೂರಿಸಬೇಕಿತ್ತು. ಕೂರಿಸಲಿಕ್ಕೆ ನನಗೆ ಧೈರ್ಯ ಇರ್ಲಿಲ್ಲ. ಕೂರಿಸದೆ ಮಾಡಿದ್ರೆ ಜನ ಯಾಕೆ ಅಂತ ಕೇಳ್ತಿದ್ರು. ಕಿವಿ ಅಂದ್ರೆ ಮಾತು ನನ್ನಲ್ಲೇ ಮುಗೀತದೆ, ನಿನ್ನ ತನಕ ಬರುವುದಿಲ್ಲ. ಗಿರಿಜ ಬಂದ ದಿನ ಮಾತ್ರ..." ಅಲ್ಲಿಗೆ ನಿಲ್ಲಿಸಿ ಹಿಡಿಯನ್ನು ತಿರುಗಿಸಿ ನೋಡಿದರು. "ಹೋಗಲಿ ಬಿಡು. ನಿನ್ನಮ್ಮನ ಹತ್ತಿರ ಇದನ್ನು ಆಡಬೇಡ, ಮಗಾ. ಗೊತ್ತಾದ್ರೆ ಅವಳು ತಡೀಲಿಕ್ಕಿಲ್ಲ. ಇಷ್ಟು ವರ್ಷ ಅವಳ ಎದುರು ಸರಿಯಾಗಿ ಬಾಯಿ ಬಿಡಲಿಕ್ಕೆ ಹೆದರಿದ್ದೇ ಅದಕ್ಕೆ." ನಾನು ಹೇಳಿದೆ, "ಅಪ್ಪಾ, ನನಗೆ ಹೇಳಿದ್ದೇ ಅಮ್ಮ. ಅವಳಿಗೆ ಮೊದಲ ದಿನದಿಂದಲೂ ಗೊತ್ತುಂಟು."

ಆಗ ಅವರ ಕೈ ನಿಂತಿತು. ತೊಟ್ಟಿಲ ಹಿಡಿಯನ್ನು ಜಗಲಿಯಲ್ಲಿ ಇಟ್ಟು, ಗೋಡೆ ಹಿಡಿದುಕೊಂಡು ಎದ್ದು, ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತರು. ನಾನು ಹಿಂದೆಯೇ ಹೋದೆ. ಅಮ್ಮ ಒಲೆಯ ಎದುರು ಬೆನ್ನು ಹಾಕಿ ಕೂತಿದ್ದಳು. "ನಿನಗೆ ಗೊತ್ತಿತ್ತಾ?" ಎಂದು ಅಪ್ಪ ಕೇಳಿದರು. ಏನು ಗೊತ್ತಿತ್ತು ಎಂದು ಅವಳು ಕೇಳಲಿಲ್ಲ. ತಿರುಗಿ ಅವರ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿ ಕೂಸು ಹಿಡಿದು ನಿಂತ ನನ್ನ ಮುಖ ನೋಡಿದಳು, ಮತ್ತೆ ಅವರದ್ದು. "ನಿಮಗೆ ಗೊತ್ತಿತ್ತಾ?" ಎಂದಳು. ಅಪ್ಪ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ನನ್ನನ್ನು ಕಾಯಲೆಂದು ಇಬ್ಬರೂ ಒಂದೇ ಸೂರಿನಡಿ ಒಬ್ಬರನ್ನೊಬ್ಬರು ಕಳೆದುಕೊಂಡು ಕೂತಿದ್ದರು, ಆ ವರ್ಷಗಳನ್ನು ಯಾರು ವಾಪಸ್ ತಂದುಕೊಡುತ್ತಾರೆ ಹೇಳಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು, ತುಂಬ ಕಾಲದ ಮೇಲೆ ದೂರದ ಊರಿನಿಂದ ಬಂದವರ ಗುರುತು ಹಿಡಿಯುವ ಹಾಗೆ. ಒಲೆಯ ಮೇಲೆ ಗಂಜಿ ಉಕ್ಕಿ ಬೂದಿಗೆ ಸುರಿಯತೊಡಗಿತು. ಅದು ಇಬ್ಬರಿಗೂ ಕಾಣಲಿಲ್ಲ. ನಾನು ಕೂಸನ್ನು ಅಪ್ಪನ ಮಡಿಲಿನಲ್ಲಿ ಮಲಗಿಸಿ, ಒಳಗೆ ಹೋಗಿ ಮುಚ್ಚಳ ತೆಗೆದೆ.